ಕೋಡ್ ಬರೆಯೋದು ಕಡಿಮೆ, ಕಾರಣ ಹುಡುಕೋದು ಜಾಸ್ತಿ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಗಳು ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಈಗ ಅದನ್ನು ಬಿಟ್ಟು ಸಾಫ್ಟ್‌ವೇರ್ ಸಂಶೋಧನೆ ಮಾಡುತ್ತೇನೆ, ಮುಂದೆ ಊರಲ್ಲೇ ಇದ್ದು ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ನೀವು ನಾಪೋಕ್ಲು ಕಡೆಯ ಮನೆಯಿಂದಲೇ ಅಂಥ ಕೆಲಸ ಮಾಡುತ್ತೀರಿ ಎಂದು ಗೊತ್ತಾಯಿತು. ದಿನವಿಡೀ ಏನು ಮಾಡುತ್ತೀರಿ? ಇಂಜಿನಿಯರ್ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಕರೆಂಟು, ನೆಟ್ಟು ನಂಬಿಕೊಂಡು ಇದು ಆಗುವ ಮಾತಾ?

ಉತ್ತರ: ನೀರಿನ ಪೈಪಿನಿಂದ ಶುರು ಮಾಡುತ್ತೇನೆ. ನೀವೂ ತೋಟದವರು, ಬೇಗ ಅರ್ಥವಾಗುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆ ಟ್ಯಾಂಕಿಗೆ ನೀರು ಬರುವುದು ನಿಂತಿತು. ಗುಡ್ಡದ ಮೇಲಿನ ಒರತೆಯಿಂದ ಮನೆಯವರೆಗೆ ಹಳೆ ಸ್ಪ್ರಿಂಕ್ಲರ್ ಪೈಪುಗಳನ್ನೇ ಜೋಡಿಸಿದ್ದೇವೆ. ಇಪ್ಪತ್ತಡಿಯ 64 ಪೈಪು. ಕೊಕ್ಕೆ ಎತ್ತಿದರೆ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ. ಒರತೆಯಲ್ಲಿ ನೀರು ಚೆನ್ನಾಗಿಯೇ ಇತ್ತು. ದಾರಿಯಲ್ಲಿ ಎಲ್ಲೂ ಸೋರಿದ ಗುರುತಿಲ್ಲ. ಅಂದರೆ ಎಲ್ಲೋ ಕಟ್ಟಿಕೊಂಡಿದೆ. ನಮ್ಮ ಮಾವ ಮೇಲಿನಿಂದ ಒಂದೊಂದೇ ಬಿಚ್ಚುತ್ತಾ ಬರೋಣ ಅಂದರು. "ಮಾವ, ಮೊದಲು ನಡುವಿನದು ಬಿಚ್ಚಿ" ಅಂದೆ. 32ನೇ ಪೈಪಿನ ಕೆಳಗೆ ಬಿಚ್ಚಿದರೆ ನೀರು ಭರ್ರನೆ ಬಂತು. ಹಾಗಾದರೆ ಮೇಲಿನ ಅರ್ಧ ಸರಿ ಇದೆ, ಅದನ್ನು ಮುಟ್ಟುವುದೇ ಬೇಡ. 48ರ ಕೆಳಗೆ ಬಿಚ್ಚಿದೆವು, ಬರಲಿಲ್ಲ. 40, ಬಂತು. 44, ಬಂತು. 46, ಇಲ್ಲ. 45, ಬಂತು. ಆರು ಸಲ ಬಿಚ್ಚಿದ್ದಕ್ಕೆ 46ನೇ ಪೈಪು ಸಿಕ್ಕಿಬಿತ್ತು. ಕವುಚಿ ಬಡಿದರೆ ಹಾಲುವಾಣದ ಎಲೆಗಳ ಒಂದು ಮುದ್ದೆ, ಅದರ ಜೊತೆ ಒಂದು ಸತ್ತ ಕಪ್ಪೆ.

ನನ್ನ ಕೆಲಸದ ಅರ್ಧ ಭಾಗ ಇದೇ. ಹೋದ ತಿಂಗಳು ಸರಿಯಾಗಿದ್ದ ಪ್ರೋಗ್ರಾಮ್ ಈ ತಿಂಗಳು ಕೆಟ್ಟಿದೆ. ನಡುವೆ ಹತ್ತಾರು ಜನ ಸೇರಿ ಸಾವಿರ ಬದಲಾವಣೆ ಮಾಡಿದ್ದಾರೆ. ಯಾವುದರಿಂದ ಕೆಟ್ಟಿತು? ಕೋಡಿನ ಪ್ರತಿಯೊಂದು ಬದಲಾವಣೆಯ ಲೆಕ್ಕ ಇಡುವ ಗಿಟ್ ಎಂಬ ಸಾಧನದಲ್ಲಿ ಬೈಸೆಕ್ಟ್ ಎಂಬ ಆಜ್ಞೆ ಇದೆ. ಮಾವನಿಗೆ ನಾನು ಹೇಳಿದ್ದನ್ನೇ ಅದು ಮಾಡುತ್ತದೆ. ನಡುವಿನದನ್ನು ತೆಗೆದು ನೋಡುತ್ತದೆ, ಅರ್ಧವನ್ನು ಪಕ್ಕಕ್ಕಿಡುತ್ತದೆ, ಉಳಿದ ಅರ್ಧದ ನಡುವಿನದನ್ನು ನೋಡುತ್ತದೆ. ಸಾವಿರ ಬದಲಾವಣೆಗೆ ಹತ್ತು ಸಲ ನೋಡಿದರೆ ಸಾಕು. ಹತ್ತು ಲಕ್ಷವಿದ್ದರೂ ಇಪ್ಪತ್ತೇ ಸಲ. ಅಂದಹಾಗೆ, ಇಂಥ ತಪ್ಪಿಗೆ ಇಂಗ್ಲಿಷಿನಲ್ಲಿ ಬಗ್, ಅಂದರೆ ಹುಳು, ಅನ್ನುತ್ತಾರೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಎಂಬ ಕಂಪ್ಯೂಟರಿನ ಒಂದು ರಿಲೇ (ವಿದ್ಯುತ್ ಸ್ವಿಚ್ಚು) ಒಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿತ್ತು. ಅಲ್ಲಿನವರು ಅದನ್ನು ಲಾಗ್ ಪುಸ್ತಕಕ್ಕೇ ಅಂಟಿಸಿ ಇಟ್ಟರು. ನಮ್ಮ ಕಪ್ಪೆಯನ್ನು ಅಂಟಿಸಲು ಮಾವ ಒಪ್ಪಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಪ್ಪೆ ತೆಗೆದು ಪೈಪು ಜೋಡಿಸಿ ನೀರು ಬಿಟ್ಟರೆ ಇಂಜಿನಿಯರ್ ಕೆಲಸ ಮುಗಿಯಿತು. ಅದು ಸಣ್ಣ ಕೆಲಸ ಅಲ್ಲ, ಮನೆಗೆ ನೀರು ಬರುವುದು ಅದರಿಂದಲೇ. ಸಂಶೋಧನೆ ಅಲ್ಲಿಂದ ಮುಂದೆ ಶುರುವಾಗುತ್ತದೆ. ಎಂಥ ಪೈಪಿಗೆ ಕಪ್ಪೆ ಹೋಗುತ್ತದೆ? ಬಾಯಿಗೆ ಜಾಲರಿ ಕಟ್ಟಿದರೆ ತಡೆಯುತ್ತದಾ? ತಡೆದರೆ ನೀರಿನ ಹರಿವು ಎಷ್ಟು ಕಡಿಮೆಯಾಗುತ್ತದೆ? ನಮ್ಮ ತೋಟದಲ್ಲಿ ಸರಿ, ಪಕ್ಕದ ತೋಟದ ಪೈಪಿಗೂ ಅದೇ ನಿಜವಾ? ಕಟ್ಟಿಕೊಳ್ಳುವ ಮೊದಲೇ, ಪೈಪು ಬಿಚ್ಚದೆಯೇ, ಒಳಗೆ ಏನೋ ಸಿಕ್ಕಿದೆ ಎಂದು ತಿಳಿಯಬಹುದಾ? ಇಂಥ ಒಂದು ಪ್ರಶ್ನೆ ಹಿಡಿದು ಎರಡು ವರ್ಷ ಕೂರುವವರು ನಾವು. ಉತ್ತರ ಸಿಕ್ಕರೂ ನಮ್ಮ ಮನೆಗೆ ಹೆಚ್ಚು ನೀರೇನೂ ಬರುವುದಿಲ್ಲ. ಬೇರೆ ಯಾರೋ ಅದನ್ನು ಓದಿ ಜಾಲರಿ ಮಾಡುತ್ತಾರೆ. ಮಗಳಿಗೆ ಇದು ಬೇಸರವಾ, ಖುಷಿಯಾ ಎಂದು ಮೊದಲು ಕೇಳಿ ನೋಡಿ.

ನಾನು ಮಾಡುವ ಬಗೆಯ ಸಂಶೋಧನೆ ಹುಟ್ಟಿದ್ದು ಒಂದು ಮಳೆಯ ರಾತ್ರಿ. ನಮ್ಮ ಮಳೆಯಲ್ಲ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಮಳೆ. 1988ನೇ ಇಸವಿ. ಬಾರ್ಟನ್ ಮಿಲ್ಲರ್ ಎಂಬ ಪ್ರೊಫೆಸರ್ ಮನೆಯಲ್ಲಿ ಕೂತು, ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಹೊರಗೆ ಗುಡುಗು ಸಿಡಿಲು. ತಂತಿಯಲ್ಲಿ ಗರಗರ ಸೇರಿಕೊಂಡು, ಅವರು ಒತ್ತದೇ ಇದ್ದ ಅಕ್ಷರಗಳೂ ನಡುನಡುವೆ ನುಗ್ಗತೊಡಗಿದವು. ತಂತಿ ಹಾಗೆ ಮಾಡುವುದು ಆ ಕಾಲದಲ್ಲಿ ಮಾಮೂಲು. ಅವರಿಗೆ ಆಶ್ಚರ್ಯವಾಗಿದ್ದು ಬೇರೆ. ಕಸದಂಥ ಅಕ್ಷರ ಬಂದರೆ ಪ್ರೋಗ್ರಾಮ್ 'ಇದು ನನಗೆ ಅರ್ಥವಾಗಲಿಲ್ಲ' ಅನ್ನಬೇಕು ತಾನೇ? ಆ ಕಂಪ್ಯೂಟರನ್ನು ನಡೆಸುವ ಯೂನಿಕ್ಸ್ ಎಂಬ ವ್ಯವಸ್ಥೆಯ ದಿನಬಳಕೆಯ ಪ್ರೋಗ್ರಾಮ್‌ಗಳು ಹಾಗೆ ಅನ್ನದೆ ಸತ್ತು ಬೀಳುತ್ತಿದ್ದವು.

ಬೇರೆಯವರಾಗಿದ್ದರೆ ಮಳೆಯನ್ನು ಬೈದು ಮಲಗುತ್ತಿದ್ದರು. ಇವರು ಅದನ್ನು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಿ ಕೊಟ್ಟರು. ಬೇಕೆಂದೇ ಕಸ ಹುಟ್ಟಿಸುವ ಒಂದು ಪ್ರೋಗ್ರಾಮ್ ಬರೆಯಿರಿ, ಅದನ್ನು ಎಲ್ಲ ಪ್ರೋಗ್ರಾಮ್‌ಗಳ ಬಾಯಿಗೂ ಸುರಿಯಿರಿ, ಯಾವುದು ಬೀಳುತ್ತದೆ ನೋಡಿ, ಯಾಕೆ ಬಿತ್ತು ಎಂದು ಬರೆಯಿರಿ. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಯಾವ ಬಗೆಯ ಯೂನಿಕ್ಸ್ ತೆಗೆದುಕೊಂಡರೂ ನೂರಕ್ಕೆ 25ರಿಂದ 33 ಪ್ರೋಗ್ರಾಮ್‌ಗಳು ಬಿದ್ದಿದ್ದವು. ಈ ವಿಧಾನಕ್ಕೆ ಅವರಿಟ್ಟ ಹೆಸರು ಫಝ್. ಈಗ ಎಲ್ಲರೂ ಫಝಿಂಗ್ ಅನ್ನುತ್ತೇವೆ.

ಈ ಕಥೆ ನನಗೆ ಬಹಳ ಇಷ್ಟ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗಿಗೆ ಹಾಗಾಗುವುದಿಲ್ಲ ಬಿಡಿ. ಈಗಿನದು ಗಾಜಿನ ಎಳೆ, ಫೈಬರ್. ಸಿಡಿಲಿನ ಗರಗರ ಅದರೊಳಗೆ ಸೇರುವುದಿಲ್ಲ. ಮರ ಬಿದ್ದರೆ ಪೂರ್ತಿ ಹೋಗುತ್ತದೆ, ಅಷ್ಟೇ.

ಸುಮ್ನೆ ಕಸ ಎರಚುವುದರಿಂದ ಶುರುವಾದ ಈ ವಿದ್ಯೆ ಆಮೇಲೆ ಬುದ್ಧಿ ಕಲಿಯಿತು. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ನೋಡಿದ್ದೀರಲ್ಲ. ಬೇಲಿಯುದ್ದಕ್ಕೂ ಮೂತಿ ಹಾಕುತ್ತಾ ಹೋಗುತ್ತದೆ. ಮಣ್ಣು ಸ್ವಲ್ಪ ಸಡಿಲ ಇದ್ದಲ್ಲಿ ನಿಂತು ಅಲ್ಲೇ ಕೆದಕುತ್ತದೆ. 2013ರ ಹೊತ್ತಿಗೆ ಮಿಹಾವ್ ಜಾಲೆವ್‌ಸ್ಕಿ ಎಂಬ ಪೋಲೆಂಡ್ ಮೂಲದವರು ಬರೆದ ಎಎಫ್ಎಲ್ ಎಂಬ ಸಾಧನ ಹೀಗೇ ಮಾಡುತ್ತದೆ. ಒಂದು ಇನ್‌ಪುಟ್ ಕೊಟ್ಟಾಗ ಪ್ರೋಗ್ರಾಮಿನ ಯಾವ ಸಾಲುಗಳು ಓಡಿದವು ಎಂದು ಗಮನಿಸುತ್ತದೆ. ಮೊದಲು ತುಳಿಯದ ದಾರಿ ತುಳಿದಿದ್ದರೆ ಆ ಇನ್‌ಪುಟ್ ಇಟ್ಟುಕೊಂಡು, ಅದನ್ನೇ ಸ್ವಲ್ಪ ತಿರುಚಿ ಮತ್ತೆ ಕೊಡುತ್ತದೆ. ಅವರು ಒಮ್ಮೆ 'ಹೆಲೋ' ಎಂಬ ಒಂದೇ ಪದ ಕೊಟ್ಟು, ಜೆಪೆಗ್ ಎಂಬ ಬಗೆಯ ಚಿತ್ರದ ಕಡತಗಳನ್ನು ಓದುವ ಪ್ರೋಗ್ರಾಮಿನ ಮೇಲೆ ಇದನ್ನು ಬಿಟ್ಟರು. ಕೆಲವು ಗಂಟೆಗಳಲ್ಲಿ ಅದು ತಾನಾಗಿಯೇ ಸರಿಯಾದ ಜೆಪೆಗ್ ಚಿತ್ರಗಳನ್ನು ಹುಟ್ಟಿಸಿತು. ಜೆಪೆಗ್ ಅಂದರೆ ಏನು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅದನ್ನು ಓದಿದ ರಾತ್ರಿ ನಿದ್ದೆ ಮಾಡಲಿಲ್ಲ.

ನನ್ನ ಈಗಿನ ಪ್ರಾಜೆಕ್ಟ್ ನಮ್ಮ ಅಕ್ಷರಗಳದ್ದು. ಕನ್ನಡ, ತೆಲುಗು, ಮಲಯಾಳದ ಪಠ್ಯವನ್ನು ಓದುವ, ಹುಡುಕುವ, ತೆರೆಯ ಮೇಲೆ ಜೋಡಿಸಿ ತೋರಿಸುವ ಸಾಫ್ಟ್‌ವೇರ್‌ಗಳು ಎಲ್ಲೆಲ್ಲಿ ಎಡವುತ್ತವೆ ಎಂದು ಹುಡುಕುವುದು. ಇದೇನು ಅಷ್ಟು ದೊಡ್ಡ ವಿಷಯವಾ ಅನ್ನಿಸಬಹುದು. 2018ರ ಫೆಬ್ರವರಿ ನೆನಪಿದೆಯಾ? ತೆಲುಗಿನ 'ಜ್ಞಾ' ಅಕ್ಷರ, ಅದರ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ, ಇವು ಇದ್ದ ಒಂದು ಮೆಸೇಜ್ ಬಂದರೆ ಸಾಕು, ಐಫೋನಿನಲ್ಲಿ ಅದನ್ನು ತೋರಿಸುವ ಆ್ಯಪ್ ಬಿದ್ದುಹೋಗುತ್ತಿತ್ತು. ಮತ್ತೆ ತೆರೆದರೆ ಮತ್ತೆ ಬೀಳುವುದು. ಅದೇ ತಿಂಗಳು ಸರಿಪಡಿಸಿದರು. ಕೋಟ್ಯಂತರ ಜನ ದಿನಾ ಬರೆಯುವ ಲಿಪಿ, ಅದರ ಒಂದು ಒತ್ತಕ್ಷರ. ಪರೀಕ್ಷೆ ಮಾಡಿದವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಕನ್ನಡದಲ್ಲಿ ಪರೀಕ್ಷೆ ಮಾಡುವುದು ಯಾಕೆ ಕಷ್ಟ ಎಂದರೆ, ನಮಗೆ ಒಂದು ಅಕ್ಷರ ಅನ್ನಿಸುವುದು ಕಂಪ್ಯೂಟರಿಗೆ ಒಂದಲ್ಲ. 'ಸ್ತ್ರೀ' ಎಂಬುದನ್ನೇ ತೆಗೆದುಕೊಳ್ಳಿ. ನಮಗೆ ಒಂದೇ ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಗೊತ್ತು ಮಾಡಿರುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಅದು ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ತ, ವಿರಾಮ, ರ, 'ಈ' ಸ್ವರದ ಗುಣಿತ ಎಂದು ಆರು ಸಂಕೇತ. ಅದನ್ನು ಕಡತದಲ್ಲಿ ಇಡುವ ಯುಟಿಎಫ್-8 ಎಂಬ ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಅಲ್ಲಿಗೆ 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಹೆಸರಿಗೆ 30 ಬೈಟ್ ಸಾಕು ಎಂದು ಯಾರೋ ಎಲ್ಲೋ ಕೂತು ಬರೆದಿದ್ದರೆ, ನಮ್ಮ ಊರಿನವರ ಹೆಸರು ನಡುವೆಯೇ ತುಂಡಾಗುತ್ತದೆ. ತುಂಡಾಗುವಾಗ ಮೂರು ಬೈಟಿನಲ್ಲಿ ಎರಡು ಒಳಗೆ, ಒಂದು ಹೊರಗೆ ಉಳಿದರೆ ಆಮೇಲೆ ಬರುವುದು ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ.

ಮಿಲ್ಲರ್ ಮಾಡಿದಂತೆ ಬರೀ ಕಸ ಸುರಿದರೆ ಇಲ್ಲಿ ಉಪಯೋಗವಿಲ್ಲ. ಬಾಗಿಲಲ್ಲೇ 'ಇದು ಸರಿಯಾದ ಯುಟಿಎಫ್-8 ಅಲ್ಲ' ಎಂದು ವಾಪಸ್ ಕಳಿಸಿಬಿಡುತ್ತದೆ. ಒಳಗೆ ಹೋಗಬೇಕಾದರೆ ನೋಡಲು ಕನ್ನಡದ ಹಾಗೇ ಇರಬೇಕು, ಆದರೆ ಯಾರೂ ಬರೆಯದ ಕನ್ನಡವಾಗಿರಬೇಕು. ಅದಕ್ಕೆ ಒಂದು ವ್ಯಾಕರಣ ಬರೆದಿದ್ದೇನೆ. ವ್ಯಂಜನ, ಅದಕ್ಕೆ ಒತ್ತು, ಒತ್ತಿಗೆ ಮತ್ತೊಂದು ಒತ್ತು, ಬೇಕಾದರೆ ಏಳು ಒತ್ತು, ಮೇಲೊಂದು ಗುಣಿತ, ಅದರ ಮೇಲೆ ಅನುಸ್ವಾರ. ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ. ಪ್ರೋಗ್ರಾಮ್ ಇಂಥವನ್ನು ರಾತ್ರಿಯಿಡೀ ಹುಟ್ಟಿಸುತ್ತದೆ. ಒಮ್ಮೆ ಮಗ ಹಿಂದಿನಿಂದ ಬಂದು ತೆರೆ ನೋಡಿ, 'ಅಮ್ಮ, ನಿನ್ನ ಕಂಪ್ಯೂಟರಿಗೆ ಜ್ವರ ಬಂದಿದೆ' ಅಂದ.

ಒಂದು ತಪ್ಪಿನ ಕಥೆ ಹೇಳಲೇಬೇಕು, ಅದು ನಮ್ಮ ಜಿಲ್ಲೆಯ ಹೆಸರಿನದೇ. ಒಂದು ಸಂಸ್ಥೆಯ ಹಳೆಯ ಕಡತಗಳ ಪಟ್ಟಿಯಲ್ಲಿ 'ಕೊಡಗು' ಎಂದು ಹುಡುಕಿದರೆ ಅರ್ಧ ಮಾತ್ರ ಬರುತ್ತಿತ್ತು. ಉಳಿದರ್ಧ ಕಣ್ಣೆದುರೇ ಇದೆ, ಓದಲು ಬರುತ್ತದೆ, ಹುಡುಕಿದರೆ ಮಾತ್ರ ಇಲ್ಲ ಅನ್ನುತ್ತದೆ. ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟೆ. ಕೂದಲಷ್ಟೂ ವ್ಯತ್ಯಾಸವಿಲ್ಲ. ಕಾಗುಣಿತ ಸರಿ, ಫಾಂಟ್ ಒಂದೇ. ಮೂರು ದಿನ ಅದರ ಹಿಂದೆಯೇ ಇದ್ದೆ. ಕೊನೆಗೆ ಅಕ್ಷರ ನೋಡುವುದು ಬಿಟ್ಟು ಬೈಟ್ ಎಣಿಸಿದೆ. ಒಂದು 'ಕೊಡಗು' 15 ಬೈಟ್, ಇನ್ನೊಂದು 18.

ಆಗಿದ್ದು ಇಷ್ಟೇ. ಯೂನಿಕೋಡ್‌ನಲ್ಲಿ 'ಕೊ' ಬರೆಯಲು ಎರಡು ದಾರಿ ಇದೆ. ಒ ಗುಣಿತಕ್ಕೆ ಒಂದೇ ಸಂಕೇತ ಹಾಕಬಹುದು. ಇಲ್ಲವೇ ಎ ಗುಣಿತ, ಊ ಗುಣಿತ ಎರಡನ್ನೂ ಒಂದರ ಹಿಂದೆ ಒಂದು ಹಾಕಬಹುದು. ಶಾಲೆಯಲ್ಲಿ ಮೇಷ್ಟ್ರು 'ಎತ್ವ ಕೊಟ್ಟು ಕೊಂಬು ಎಳೆ' ಅಂದ ಹಾಗೆ. ತೆರೆಯ ಮೇಲೆ ಎರಡೂ ಒಂದೇ. ಬೈಟ್ ಹೋಲಿಸಿ ನೋಡುವ ಪ್ರೋಗ್ರಾಮಿಗೆ ಅವು ಎರಡು ಬೇರೆ ಊರು. ಕೆಲವು ಬಗೆಯ ಕಂಪ್ಯೂಟರುಗಳು ಕಡತದ ಹೆಸರನ್ನು ಹೀಗೆ ಬಿಡಿಸಿ ಇಡುತ್ತವೆ. ಅಂಥ ಒಂದರಿಂದ ಯಾರೋ ಅರ್ಧ ಕಡತಗಳನ್ನು ನಕಲು ಮಾಡಿದ್ದರು. ಇದಕ್ಕೆ ಮದ್ದು ಬಹಳ ಹಳೆಯದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಅದನ್ನು ನಾರ್ಮಲೈಸೇಷನ್ ಅನ್ನುತ್ತಾರೆ. ಒಂದು ಸಾಲಿನ ಕೋಡ್. ಮೂರು ದಿನ ಹುಡುಕಿ ಒಂದು ಸಾಲು ಬರೆದೆ. ನಿಮ್ಮ ಮಗಳ ಈಗಿನ ಕಂಪನಿಯಲ್ಲಿ ದಿನಕ್ಕೆ ಎಷ್ಟು ಸಾಲು ಬರೆದೆ ಎಂದು ಕೇಳುತ್ತಿದ್ದರೆ, ಅವಳಿಗೆ ಯಾಕೆ ಬೇಜಾರಾಗಿದೆ ಎಂದು ನನಗೆ ಅಂದಾಜಿದೆ.

ನನ್ನ ಸಂಶೋಧನೆಗೆ ಪ್ರಶ್ನೆ ಸಿಕ್ಕಿದ್ದು ಆ ಸಾಲು ಬರೆದ ಮೇಲೆ. ನಾರ್ಮಲೈಸ್ ಮಾಡಿದರೂ 'ವಿರಾಜಪೇಟೆ', 'ವೀರಾಜಪೇಟೆ' ಬೇರೆಯೇ ಉಳಿಯುತ್ತವೆ. 'ಹುತ್ತರಿ', 'ಪುತ್ತರಿ' ಬೇರೆಯೇ. ಕೊಡವ ತಕ್ಕ್ ಕನ್ನಡ ಲಿಪಿಯಲ್ಲಿ ಬರೆಯುವಾಗ ಕಷ್ಟ ಇನ್ನೂ ಜಾಸ್ತಿ. ಆ ನುಡಿಯಲ್ಲಿ ಕನ್ನಡಕ್ಕಿಲ್ಲದ ಸ್ವರಗಳಿವೆ. ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಯಾವುದನ್ನು ಒಂದೇ ಎಂದು ಹಿಡಿಯಬೇಕು, ಯಾವುದನ್ನು ಹಿಡಿದರೆ ಅಪಚಾರ? ಇದನ್ನು ಕಂಪ್ಯೂಟರ್ ಸೈನ್ಸ್ ಓದಿದವರು ಒಬ್ಬರೇ ಕೂತು ತೀರ್ಮಾನ ಮಾಡಲಾಗದು. ಅದಕ್ಕೇ ನನ್ನ ವಾರದ ಒಂದು ದಿನ ಹಿರಿಯರ ಜೊತೆ ಮಾತಾಡುವುದರಲ್ಲೇ ಹೋಗುತ್ತದೆ.

ದಿನಚರಿ ಕೇಳಿದಿರಿ. ಹೇಳಿಕೊಳ್ಳುವಂಥದ್ದೇನಿಲ್ಲ. ಬೆಳಿಗ್ಗೆ ಆರಕ್ಕೆ ಕಾಫಿ ಹಿಡಿದು ಮೊದಲು ನೋಡುವುದು ತೋಟದವರ ವಾಟ್ಸಾಪ್ ಗುಂಪನ್ನು. ಆನೆ ಎಲ್ಲಿದೆ ಎಂದು ತಿಳಿಯದೆ ಮಗನನ್ನು ಬಸ್ಸಿಗೆ ಬಿಡಲು ಹೋಗುವ ಹಾಗಿಲ್ಲ. ಆಮೇಲೆ ರಾತ್ರಿ ಓಡಿದ ಪರೀಕ್ಷೆಯ ಫಲಿತಾಂಶ. 40 ಕಡೆ ಬಿದ್ದಿದೆ ಎಂದು ತೋರಿಸುತ್ತದೆ. ಖುಷಿಪಡಬೇಡಿ. ಒಂದೇ ತಪ್ಪು 38 ವೇಷದಲ್ಲಿ ಬಂದಿರುತ್ತದೆ. ಉಳಿದ ಎರಡರಲ್ಲಿ ಒಂದು ನನ್ನದೇ ತಪ್ಪು. ಹೀಗೆ ಜೊಳ್ಳು ತೂರುವುದರಲ್ಲಿ ಮಧ್ಯಾಹ್ನವಾಗುತ್ತದೆ. ಬೀಳಿಸಿದ ಇನ್‌ಪುಟ್ ಎರಡು ಪುಟ ಉದ್ದ ಇದ್ದರೆ ಅದನ್ನು ಕಡಿಮೆ ಮಾಡಬೇಕು. ಒಂದು ತುಂಡು ತೆಗೆದು ನೋಡು, ಇನ್ನೂ ಬೀಳುತ್ತದಾ? ಇನ್ನೊಂದು ತುಂಡು ತೆಗಿ. ಜರ್ಮನಿಯ ಆಂಡ್ರಿಯಾಸ್ ಝೆಲ್ಲರ್ ಎಂಬ ಪ್ರೊಫೆಸರ್ ಇದನ್ನು ಕಂಪ್ಯೂಟರೇ ಮಾಡುವಂಥ ವಿಧಾನ ಕೊಟ್ಟಿದ್ದಾರೆ, ಡೆಲ್ಟಾ ಡಿಬಗ್ಗಿಂಗ್ ಎಂದು. ಎರಡು ಪುಟ ಮೂರು ಅಕ್ಷರಕ್ಕೆ ಇಳಿದಾಗ ಆಗುವ ಸಮಾಧಾನ ಪಲ್ಪ್ ಮಾಡಿದ ಕಾಫಿ ಚೆನ್ನಾಗಿ ಒಣಗಿದಾಗ ಆಗುವಂಥದ್ದೇ.

ಊಟದ ನಂತರ ಓದು, ಬರಹ. ಸಂಜೆ ಜರ್ಮನಿಯ ಸಹೋದ್ಯೋಗಿಗಳ ಜೊತೆ ಮೀಟಿಂಗ್. ಅವರು ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಕೋಡ್ ಬರೆಯುವುದು ದಿನಕ್ಕೆ ಎರಡು ಗಂಟೆ ಇದ್ದರೆ ಹೆಚ್ಚು.

ಕರೆಂಟು, ನೆಟ್ಟಿನ ಮಾತು. ಆಗುತ್ತದೆ, ಆದರೆ ಕೆಲಸದ ರೀತಿಯನ್ನೇ ಅದಕ್ಕೆ ಹೊಂದಿಸಿಕೊಳ್ಳಬೇಕು. ಮೊದಲ ಮಳೆಗಾಲ ನಾನು ಅತ್ತಿದ್ದೇನೆ. ಎಂಟು ಗಂಟೆ ಓಡಬೇಕಿದ್ದ ಪರೀಕ್ಷೆ ಏಳನೇ ಗಂಟೆಗೆ ಕರೆಂಟು ಹೋಗಿ ನಿಂತಿತ್ತು. ಈಗ ಭಾರದ ಕೆಲಸ ಯಾವುದೂ ಮನೆಯ ಕಂಪ್ಯೂಟರಿನಲ್ಲಿಲ್ಲ. ಅದೆಲ್ಲ ದೂರದ ಸರ್ವರಿನಲ್ಲಿ ಓಡುತ್ತದೆ. ಇಲ್ಲಿರುವುದು 16 ಜಿಬಿ ಮೆಮೊರಿಯ ಒಂದು ಸಾಧಾರಣ ಲ್ಯಾಪ್‌ಟಾಪ್. ಟಿಮಕ್ಸ್ ಎಂಬ ಸಾಧನದೊಳಗೆ ಕೆಲಸ ಶುರು ಮಾಡಿದರೆ, ನೆಟ್ ಕಡಿದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಮತ್ತೆ ಬಂದಾಗ ಬಿಟ್ಟಲ್ಲೇ ಸೇರಿಕೊಳ್ಳಬಹುದು. ಸರ್ವರಿನ ಜೊತೆ ಸಂಪರ್ಕ ಹಿಡಿದಿಡುವ ಮಾಶ್ ಎಂಬ ಇನ್ನೊಂದಿದೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2012ರಲ್ಲಿ ಬಿಟ್ಟಿದ್ದು. ಸಿಗ್ನಲ್ ಬಂದು ಹೋಗಿ ಮಾಡುವ ಕಡೆ ಅದು ದೇವರು. ಗಿಟ್ ಬಗ್ಗೆ ಆಗಲೇ ಹೇಳಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದಾಗ ಕೊಡಗಿನ ಮಳೆಗಾಲ ಅವರ ಮನಸ್ಸಿನಲ್ಲಿರಲಿಲ್ಲ, ಆದರೂ ನಮಗೇ ಮಾಡಿಸಿದಂತಿದೆ. ಪ್ರಾಜೆಕ್ಟಿನ ಪೂರ್ತಿ ಚರಿತ್ರೆ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಮೂರು ದಿನ ನೆಟ್ ಇಲ್ಲದಿದ್ದರೂ ಹಿಂದಿನದು ನೋಡಬಹುದು, ಹೊಸದು ಸೇರಿಸಬಹುದು. ನೆಟ್ ಬಂದ ದಿನ ಕಳಿಸಿದರಾಯಿತು.

ಬ್ಯಾಟರಿಯ ಲೆಕ್ಕ ಸುಲಭ. 12 ವೋಲ್ಟಿನ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಅರ್ಧ ಎಂದೇ ಹಿಡಿಯಿರಿ, 900. ಲ್ಯಾಪ್‌ಟಾಪ್, ರೂಟರ್ ಸೇರಿ 60 ವ್ಯಾಟ್ ಎಳೆದರೆ 15 ಗಂಟೆ. ಆದರೆ ಅದೇ ಇನ್ವರ್ಟರಿಗೆ ಫ್ಯಾನು, ಟಿವಿ, ಮಿಕ್ಸಿ ಸೇರಿಸಿದರೆ ಲೆಕ್ಕ ನನ್ನದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಪ್‌ಟಾಪನ್ನು ರಾತ್ರಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟು ಚಪ್ಪಲಿಗೆ ಮಾತ್ರ ಬರುವುದಿಲ್ಲ. ಕಿಟಕಿ, ಮಂಜು, ಕಾಫಿ ಲೋಟ, ಪಕ್ಕದಲ್ಲಿ ಲ್ಯಾಪ್‌ಟಾಪ್, ಈ ಫೋಟೋ ನೋಡಿ ಮಗಳು ಆಸೆಪಟ್ಟಿದ್ದರೆ ಹೇಳಿಬಿಡಿ, ಆ ಕಿಟಕಿಯಿಂದ ಜಿಗಣೆಯೂ ಬರುತ್ತದೆ.

ಬಿಡುವಿನಲ್ಲಿ ಮಾಡುವ ಒಂದು ಪ್ರಾಜೆಕ್ಟ್ ಇದೆ, ಸಂಬಳದ್ದಲ್ಲ. ನಿಮ್ಮ ಮನೆಯಲ್ಲೂ ಇರಬಹುದು, ಮಳೆ ಲೆಕ್ಕದ ಪುಸ್ತಕ. ನಮ್ಮ ಮಾವ ಮದುವೆಗೆ ಮೊದಲಿನಿಂದ ಬರೆದಿದ್ದಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಕಾಫಿ ಹೂ ಅರಳಿಸುವ ಹೂಮಳೆ ವರ್ಷದಿಂದ ವರ್ಷಕ್ಕೆ ಎಷ್ಟು ಹಿಂದೆಮುಂದೆ ಆಗಿದೆ ನೋಡೋಣ ಎಂದು ಕೂತೆ. ಗ್ರಾಫ್ ವಿಚಿತ್ರವಾಗಿ ಬಂತು. ಕಾರಣ ಹುಡುಕಿದರೆ ತಪ್ಪು ನನ್ನದೇ. ಮಾವ '1-5' ಎಂದು ಬರೆದರೆ ಒಂದು ಇಂಚು ಐದು ಸೆಂಟು, ಅಂದರೆ 1.05. ನಾನು ಅದನ್ನು 1.5 ಎಂದು ಹಾಕಿದ್ದೆ. ಒಂದು ಇಂಚು ಐವತ್ತು ಸೆಂಟು ಆಗಿಬಿಟ್ಟಿತ್ತು. ಅಳತೆಯ ಗೊಂದಲಕ್ಕೆ ನಾನೇ ಮೊದಲಿಗಳಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋಗಿದ್ದು, ಒಂದು ಕಡೆಯ ಸಾಫ್ಟ್‌ವೇರ್ ಪೌಂಡಿನ ಲೆಕ್ಕ ಕೊಟ್ಟು ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಎಂದು ಹಿಡಿದಿದ್ದರಿಂದ.

ಎರಡನೇ ತಪ್ಪು ಇನ್ನೂ ಕೆಟ್ಟದ್ದು. 2018ರ ಆಗಸ್ಟ್ ತಿಂಗಳು, ಗುಡ್ಡ ಜಾರಿದ ಆ ವಾರ, ನನ್ನ ಗ್ರಾಫಿನಲ್ಲಿ ಬೇಸಿಗೆಯ ಹಾಗೆ ಒಣಗಿ ಕಾಣುತ್ತಿತ್ತು. ಪುಸ್ತಕ ತೆಗೆದು ನೋಡಿದೆ. ಮೂರು ದಿನ ಅಂಕಿಯೇ ಇಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಪಾತ್ರೆ ತುಂಬಿ ಚೆಲ್ಲಿದೆ, ಹೋಗಲಾಗಲಿಲ್ಲ' ಎಂದಿದೆ. ನನ್ನ ಪ್ರೋಗ್ರಾಮ್ ಖಾಲಿ ಜಾಗವನ್ನು ಸೊನ್ನೆ ಎಂದು ಓದಿತ್ತು. ಅತಿ ಹೆಚ್ಚು ಮಳೆ ಬಂದ ದಿನಗಳು ಮಳೆಯೇ ಬಾರದ ದಿನಗಳಾಗಿ ಕೂತಿದ್ದವು. ಮಾವನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸೊನ್ನೆ ಅಂತೆ" ಅಂದು ಎದ್ದು ಹೋದರು.

ಈಗ ಅಂಗಳದಲ್ಲಿ ತಾನೇ ಅಳೆಯುವ ಮಳೆಮಾಪಕ ಇಟ್ಟಿದ್ದೇನೆ. ಒಳಗೆ ಒಂದು ಪುಟ್ಟ ತೊಟ್ಟಿ ತುಂಬಿ ಮಗುಚಿದಾಗಲೆಲ್ಲ ಎಣಿಕೆ ಒಂದು ಹೆಚ್ಚುತ್ತದೆ. ಅಲ್ಲಿಂದ ಮನೆಗೆ ಲೆಕ್ಕ ಕಳಿಸುವುದು ಲೋರಾ ಎಂಬ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ. ನಮ್ಮ ದೇಶದಲ್ಲಿ ಅದಕ್ಕೆ ಬಳಸುವ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಡಬ್ಬಿಯ ಮೇಲೆ ಬರೆದ ದೂರ ಬಯಲಿಗೆ ಸರಿ. ಸಿಲ್ವರ್ ಓಕ್, ಕಾಳುಮೆಣಸಿನ ಬಳ್ಳಿ, ಕೆಳಗೆ ಒದ್ದೆ ಕಾಫಿ ಎಲೆ ಇದ್ದರೆ ಬಹಳ ಇಳಿಯುತ್ತದೆ. ಹೋದ ನವೆಂಬರಿನಲ್ಲಿ ಜೇಡ ಒಳಗೆ ಬಲೆ ಕಟ್ಟಿ ತೊಟ್ಟಿ ಮಗುಚದೆ ನಿಂತಿತ್ತು. ಮಾವನ ಪಾತ್ರೆಯೂ ಪಕ್ಕದಲ್ಲೇ ಇದೆ, ತೆಗೆದಿಲ್ಲ. ಎರಡರ ಲೆಕ್ಕ ಹೊಂದದಿದ್ದರೆ ನಾನು ಮೊದಲು ನೋಡುವುದು ನನ್ನ ಯಂತ್ರವನ್ನು.

ಇನ್ನು ದಾರಿ ಮತ್ತು ದುಡ್ಡು. ನೇರವಾಗಿ ಊರಿಗೆ ಬಂದು ಸಂಶೋಧನೆ ಶುರು ಮಾಡುತ್ತೇನೆ ಅಂದರೆ ಬೇಡ ಅನ್ನಿ. ಮೊದಲ ಕೆಲವು ವರ್ಷ ಕಲಿತವರ ಪಕ್ಕದಲ್ಲಿ ಕೂರಬೇಕು. ಯಾವ ಪ್ರಶ್ನೆ ಕೈಬಿಡಬೇಕು ಎಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಕ್ಯಾಂಟೀನಿನಲ್ಲಿ ಯಾರೋ 'ಅದು ಆಗಲೇ ಆಗಿದೆ, ಬಿಡು' ಅಂದಾಗ ಗೊತ್ತಾಗುತ್ತದೆ. ನಾನು ಬೆಂಗಳೂರಿನಲ್ಲಿ ಎಂಟು ವರ್ಷ ಇದ್ದು, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವಳು, ಹಾಗೇ ಉಳಿದುಕೊಂಡೆ. ಪಿಎಚ್.ಡಿ. ಐದು ವರ್ಷ ಹಿಡಿಯುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಅಷ್ಟು ಧೈರ್ಯ ಈಗಲೇ ಇಲ್ಲದಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ರಿಸರ್ಚ್ ಎಂಬುದಿದೆ, ರುಚಿ ನೋಡಲು ಒಳ್ಳೆಯದು. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಅವಳ ಈಗಿನ ಸಂಬಳಕ್ಕಿಂತ ಕಡಿಮೆ ಇರಬಹುದು. ಅದನ್ನು ಮನೆಯಲ್ಲಿ ಕೂತು ಮುಂಚೆಯೇ ಮಾತಾಡಿಕೊಳ್ಳಿ, ಮದುವೆಯ ಮಾತಿನ ನಡುವೆ ತರಬೇಡಿ.

ಪ್ರಕಟಣೆಗೆ ಕಳಿಸಿದ ಪ್ರಬಂಧ ವಾಪಸ್ ಬರುವುದು ಅಭ್ಯಾಸವಾಗಬೇಕು. ನನ್ನದು ಒಂದು ಮೂರು ಸಲ ಬಂದಿದೆ. ಮೂರನೇ ಸಲ ಬಂದ ಟೀಕೆ ಸರಿಯಾಗಿಯೇ ಇತ್ತು. ಪರೀಕ್ಷೆಯನ್ನು ಬೇಕಾದಷ್ಟು ಸಲ ಓಡಿಸಿರಲಿಲ್ಲ, ಅದೃಷ್ಟದಲ್ಲಿ ಬಂದ ಫಲಿತಾಂಶವನ್ನು ನನ್ನ ಜಾಣತನ ಅಂದುಕೊಂಡಿದ್ದೆ. ಇದು ನನ್ನೊಬ್ಬಳ ಕಥೆಯಲ್ಲ. 2018ರಲ್ಲಿ ಕೆಲವರು ಫಝಿಂಗ್ ಬಗೆಗಿನ 32 ಪ್ರಬಂಧಗಳನ್ನು ತೆಗೆದು ನೋಡಿದಾಗ, ಪ್ರಯೋಗ ಮಾಡಿದ ರೀತಿಯಲ್ಲಿ ಪ್ರತಿಯೊಂದರಲ್ಲೂ ಏನಾದರೊಂದು ಕೊರತೆ ಸಿಕ್ಕಿತ್ತು. ಒಂದೊಂದು ಪರೀಕ್ಷೆ 24 ಗಂಟೆ ಓಡಲಿ, ಹಲವು ಸಲ ಓಡಲಿ ಎಂದು ಅವರು ಬರೆದರು. ಅಂದಿನಿಂದ ನಮ್ಮ ಸರ್ವರ್ ಬಿಲ್ಲೂ ಏರಿತು.

ಎಐ ಬಂದಮೇಲೆ ಇದೆಲ್ಲ ಇರುತ್ತದಾ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕೆಂದು ಇದ್ದೀರಿ, ಅಲ್ವಾ? ನಾನೂ ದಿನಾ ಬಳಸುತ್ತೇನೆ. ಸಣ್ಣಪುಟ್ಟ ಕೋಡ್ ಚೆನ್ನಾಗಿ ಬರೆದುಕೊಡುತ್ತದೆ. ಯಾಕೆ ಬಿತ್ತು ಎಂದು ಕೇಳಿದರೆ ಬಹಳ ಧೈರ್ಯವಾಗಿ ಕಾರಣ ಹೇಳುತ್ತದೆ, ಅದು ಸರಿಯಾ ಎಂದು ನೋಡಲು ನಾನು ಮತ್ತೆ ಪೈಪು ಬಿಚ್ಚಬೇಕು. ಕೋಡ್ ಹೆಚ್ಚಾದಷ್ಟೂ ಬಿಚ್ಚುವ ಕೆಲಸವೂ ಹೆಚ್ಚು. ಸದ್ಯಕ್ಕೆ ನನಗೆ ಹಸಿವಿನ ಭಯವಿಲ್ಲ.

ಮಗಳಿಗೆ ಒಂದು ಸಣ್ಣ ಕೆಲಸ ಕೊಡಿ. 'ಕೊಡಗು' ಎಂದು ಎರಡು ರೀತಿಯಲ್ಲೂ ಬರೆದು ಎರಡು ಕಡತ ಮಾಡಲಿ, ಒಂದು 15 ಬೈಟ್, ಒಂದು 18. ಅವಳ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಇರುವ ಹತ್ತು ಆ್ಯಪ್‌ಗಳಲ್ಲಿ ಒಂದನ್ನು ಹಾಕಿ ಇನ್ನೊಂದನ್ನು ಹುಡುಕಲಿ. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ಪಟ್ಟಿ ಮಾಡಲಿ. ಪಟ್ಟಿ ಮಾಡಿ ಮುಚ್ಚಿಟ್ಟರೆ ಈಗಿನ ಕೆಲಸವೇ ಇರಲಿ. 'ಇದಕ್ಕೆ ಯಾಕೆ ಸಿಗಲಿಲ್ಲ' ಎಂದು ಊಟಕ್ಕೆ ಕರೆದರೂ ಏಳದಿದ್ದರೆ ಎಂ.ಟೆಕ್., ಪಿಎಚ್.ಡಿ. ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಹಾಕಿಸಿ. ಅದು ಫೆಬ್ರವರಿಯಲ್ಲಿ ನಡೆಯುತ್ತದೆ, ಅಂಕಗಳು ಮೂರು ವರ್ಷ ನಡೆಯುತ್ತವೆ. ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ. ಆ ಹೊತ್ತಿಗೆ ನಿಮ್ಮಲ್ಲೂ ಕರೆಂಟಿರುವುದು ಅನುಮಾನ, ಕೊನೇ ದಿನಕ್ಕೆ ಇಟ್ಟುಕೊಳ್ಳದೆ ಕುಶಾಲನಗರಕ್ಕೆ ಇಳಿದು ಯಾವುದಾದರೂ ಸೈಬರ್‌ನಲ್ಲಿ ಕೂತು ತುಂಬಿಸಿ ಬನ್ನಿ.